ನಡುಗುವ ಕೈಗೆ ಪಟ್ಟಿ

"ನಿಮ್ಮಜ್ಜ ಒಂದು ಗುದ್ದು ಕೊಟ್ರೆ ಕುದುರೆಮುಖದ ಗುಡ್ಡವೇ ಅಲ್ಲಾಡ್ತಿತ್ತು. ಅರ್ಧ ಸುಳ್ಳು ಅಂತಿಟ್ಕ," ಎನ್ನುತ್ತಾ ಅಣ್ಣಮ್ಮ ಮೊಮ್ಮಗಳ ಅಂಗೈಗೆ ಬಟ್ಟೆಪಟ್ಟಿ ಸುತ್ತುತ್ತಿದ್ದಳು. ಮೂಡಿಗೆರೆಯ ಬಾಕ್ಸಿಂಗ್ ರಿಂಗಿನಲ್ಲಿ ಧನ್ಯಶ್ರೀಯ ಮೊದಲ ಪಂದ್ಯಕ್ಕೆ ಇನ್ನೇನು ಕರೆಯುವವರಿದ್ದರು. ಹುಡುಗಿಯ ಕೈ ನಡುಗಿ ಪಟ್ಟಿ ಮತ್ತೆ ಮತ್ತೆ ಜಾರುತ್ತಿತ್ತು.

"ಅಜ್ಜ ಗಣಿ ಕಂಪನಿಗೇ ಚಾಂಪಿಯನ್ ಆಗಿದ್ದು ಆ ಕಾಲಕ್ಕಾಯ್ತು ಅಜ್ಜಿ. ಈಗಿದ್ದಿದ್ರೆ, ಈಗಿನವರ ಎದುರು ನಿಲ್ತಿದ್ರಾ?"

"ನಿಲ್ಲೋದಾ? ಮೊದ್ಲು ಓಡ್ತಿದ್ರು. ಆವಾಗ್ಲೂ ಓಡಿದ್ರು ಮಾರಾಯ್ತಿ! ಮೊದಲ್ನೇ ಪಂದ್ಯದ ದಿನ ಕಂಪನಿ ಬಸ್ಸಿನ ಸೀಟಿನಡಿ ಅಡಗಿದ್ರು. ಹಿಂಗೇ ಕೈ ನಡುಗ್ತಿತ್ತು. ನನ್ನ ಹಳೇ ಸೀರೆ ಹರಿದು ಸುತ್ತಿದ್ದೆ."

ಧನ್ಯಶ್ರೀಯ ಹೆಸರು ಕರೆದರು. ಅವಳು ಕದಲಲಿಲ್ಲ. "ಮತ್ತೆ ರಿಂಗಿಗೆ ಹೆಂಗೆ ಹೋದ್ರು?"

ಅಣ್ಣಮ್ಮ ಪಟ್ಟಿ ಬಿಗಿದು, ಗ್ಲೌಸ್ ತೊಡಿಸಿ, ಮೊಮ್ಮಗಳ ಬೆನ್ನಿಗೆ ಅಂಗೈಯಿಟ್ಟು ಜೋರಾಗಿ ನೂಕಿದಳು. "ನೀನೇ ಹೇಳು ನೋಡಾಣ."