ಮೂರನೇ ವಾರ್ಡಿನ ಬಿಸಿಲು

ಬಿಸಿಲು ಹಂಚುವ ಕೆಲಸವನ್ನು ಸರ್ಕಾರ ಪಂಚಾಯಿತಿಗೆ ಬಿಟ್ಟುಕೊಟ್ಟು ಮೂರು ವರ್ಷವಾಗಿತ್ತು. ಅಧ್ಯಕ್ಷರಿಗೆ ಓಟು ಹಾಕದ ನಾಲ್ಕನೇ ವಾರ್ಡಿನಲ್ಲಿ ಒಂಬತ್ತು ದಿನದಿಂದ ಬೆಳಕೇ ಹರಿದಿರಲಿಲ್ಲ. ದುಂಡವ್ವನ ಮೊಮ್ಮಗ ಹುಟ್ಟಿ ಐದು ದಿನ; ಕಣ್ಣು, ಅಂಗಾಲು ಅರಿಸಿನದ ಹಾಗೆ ಹಳದಿ. ಎಳೆಬಿಸಿಲಿಗೆ ಹಿಡಿಯಿರಿ ಎಂದು ನರ್ಸಮ್ಮ ಹೇಳಿ ಹೋಗಿದ್ದಳು. ಎಲ್ಲಿಯ ಬಿಸಿಲು?

ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ಮೂರನೇ ವಾರ್ಡಿನ ಗಡಿಗೆ ಬಂದಳು. ಅಲ್ಲಿ ಹಿಟ್ಟಿನ ಗಿರಣಿಯ ಮುಂದೆ, ಗೆರೆ ಕೊರೆದಂತೆ ಕತ್ತಲು ಮುಗಿದು ಬಿಸಿಲು ಶುರುವಾಗುತ್ತಿತ್ತು. ಗೆರೆಯಾಚೆ, ಬಿಸಿಲು ಕಾಯುವ ಪಂಚಾಯಿತಿಯ ಬಿಸಿಲುಗಂಟಿ ಸಂಗಪ್ಪ, ಅವಳ ಅಕ್ಕನ ಮಗ, ಕೋಲು ಹಿಡಿದು ನಿಂತಿದ್ದ.

"ಈ ವಾರ್ಡಿನ ಕಾರ್ಡ್ ತೋರ್ಸು, ಚಿಗವ್ವ."

"ನಿನಗೂ ಹುಟ್ಟಿದಾಗ ಹಿಂಗ ಕಾಮಣಿ ಆದಾಗ ಇದ ಗಿರಣಿ ಮುಂದ ನಾನ ಬಿಸಿಲಿಗೆ ಹಿಡದಿದ್ನೆಲೋ. ಆಗ ಯಾವ ಕಾರ್ಡ್ ಇತ್ತು?"

"ನನ್ನ ನೌಕರಿ ಹೋಗತೈತಿ."

"ನಾ ದಾಟೂದಿಲ್ಲ ಬಿಡು. ಕೂಸಿಗೆ ಇನ್ನೂ ಹೆಸರ ಇಟ್ಟಿಲ್ಲ. ಅದಕ್ಯಾವ ವಾರ್ಡು?"

ದುಂಡವ್ವ ಕತ್ತಲಲ್ಲೇ ನಿಂತು ಕೈ ಚಾಚಿ, ಕೂಸನ್ನು ಗೆರೆಯಾಚೆ ಹಿಡಿದಳು. ಬಿಸಿಲು ತಾಗಿ ಅದು ಮೈ ಮುರಿಯಿತು.

ಸಂಗಪ್ಪ ಅವಳ ಮುಖ ನೋಡಲಿಲ್ಲ. ಎರಡು ಹೆಜ್ಜೆ ಸರಿದು, ಕೂಸಿನ ಮೇಲೆ ತನ್ನ ನೆರಳು ಬೀಳುವಂತೆ ನಿಂತ.