ನಲವತ್ತು ಕಾರಿನ ನಕ್ಷೆ

“ಭಾವನೆ ಬೇಡ, ತಾಂತ್ರಿಕ ಆಕ್ಷೇಪಣೆ ಇದ್ದರೆ ಮಾತ್ರ ಹೇಳಿ,” ಎಂದು ಯೋಜನಾಧಿಕಾರಿ ಮೂರನೆಯ ಸಲ ಹೇಳಿದಾಗ ಟೇಲರಮ್ಮ ಎದ್ದು ನಿಂತಳು.

ಅವಳ ಓಣಿಯ ಬಯಲಿನ ಮೇಲೆ ನಾಲ್ಕು ಅಂತಸ್ತಿನ ಅಂಗಡಿ ಸಂಕೀರ್ಣ ಏಳಬೇಕೋ ಬೇಡವೋ ಎಂದು ಪುರಸಭೆ ಜನರ ಮಾತು ಕೇಳುವ ಕೊನೆಯ ದಿನ ಅದು. ಬೆಂಕಿಪೊಟ್ಟಣದ ಕಡ್ಡಿಗಳ ಹಾಗೆ ಒತ್ತಿಕೊಂಡಿದ್ದ ಇಪ್ಪತ್ತಾರು ಮನೆಗಳಿಗೆ ಕೈಕಾಲು ಚಾಚಲು ಇದ್ದದ್ದು ಆ ಬಯಲೊಂದೇ. ಹಿಂದಿನ ಎರಡು ಸಭೆಗಳಲ್ಲಿ ಓಣಿಯವರು ಅತ್ತು, ಕೂಗಾಡಿ, ಇನ್ನೂರು ಸಹಿ ಕೊಟ್ಟು ಬಂದಿದ್ದರು. ಸಹಿ ಕಡತ ಸೇರಿತ್ತು, ಕಣ್ಣೀರು ಕರ್ಚೀಫು ಸೇರಿತ್ತು. ಎರಡನೆಯ ಸಭೆಯ ಸಂಜೆ ಅವಳ ಮೈದುನ ಮೂಗು ಹಿಡಿದುಕೊಂಡು, ಥೇಟ್ ಅಧಿಕಾರಿಯ ದನಿಯಲ್ಲೇ, ಭಾವನೆಗೆ ನಮ್ಮ ಫಾರಮ್ಮಿನಲ್ಲಿ ಕಾಲಮ್ಮಿಲ್ಲಮ್ಮಾ ಎಂದು ಅಣಕಿಸಿದಾಗ ಎಲ್ಲರೂ ನಕ್ಕಿದ್ದರು. ನಗುವುದು ಬಿಟ್ಟು ಮಾಡಲು ಬೇರೆ ಕೆಲಸವೂ ಉಳಿದಿರಲಿಲ್ಲ.

ಆಮೇಲೆ ಟೇಲರಮ್ಮ ನಕ್ಷೆ ನೋಡಲು ಹೋದಳು. ಸಾರ್ವಜನಿಕರ ವೀಕ್ಷಣೆಗೆಂದು ಅದನ್ನು ಸಾರ್ವಜನಿಕರು ತಲೆ ಬಗ್ಗಿಸಿಯೇ ಹೋಗಬೇಕಾದ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ತೂಗುಹಾಕಿದ್ದರು. ನಲವತ್ತು ಕಾರು ಒಳಗೇ ನಿಲ್ಲುವಂತಿದ್ದರೆ ಮಾತ್ರ ಕಟ್ಟಡಕ್ಕೆ ಅನುಮತಿ ಎಂಬುದು ಪುರಸಭೆಯದೇ ನಿಯಮ. ನಕ್ಷೆಯಲ್ಲಿ ನಲವತ್ತೂ ಇದ್ದವು, ಬೆಳಗಿನ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ. ಟೇಲರಮ್ಮನ ಕಣ್ಣು ಒಂದು ಅಂಗಡಿಯ ಬಾಗಿಲಿನಿಂದ ಒಂದು ಕಾರಿಗೆ, ಕಾರಿನಿಂದ ಬಾಗಿಲಿಗೆ ಎರಡು ಸಲ ಹೋಗಿ ಬಂತು. ನಿಜದ ಅಳತೆಗೆ ಹಿಗ್ಗಿಸಿದರೂ ಕಾರು ಬಾಗಿಲಿಗಿಂತ ಒಂದು ಗೇಣು ಅಗಲವಿದ್ದರೆ ಹೆಚ್ಚು. ಬಟ್ಟೆ ಸಾಲದಿದ್ದಾಗ ಕಳ್ಳ ಟೇಲರು ಏನು ಮಾಡುತ್ತಾನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಜಾಗ ಸಾಲದ್ದಕ್ಕೆ ಇಲ್ಲಿ ಯಾರೋ ಕಾರುಗಳ ತೋಳು ಮೋಟು ಮಾಡಿದ್ದರು.

“ತಾಂತ್ರಿಕ ಅಂದರೆ ಏನು ಅಂತ ಗೊತ್ತೇನಮ್ಮಾ?” ಎಂದರು ಅಧಿಕಾರಿ ಈಗ.

“ಗೊತ್ತು ಸ್ವಾಮಿ. ಅಳತೆ.” ಅವಳು ಪುರಸಭೆಯ ಅಧ್ಯಕ್ಷರ ಕಡೆ ತಿರುಗಿದಳು. “ನಿಮ್ಮ ಕಾರು ಎಷ್ಟುದ್ದ ಇದೆ ಸಾರ್?”

ಕಾರನ್ನು ಯಾರು ಅಳೆಯುತ್ತಾರಮ್ಮ ಎಂದರು ಅಧ್ಯಕ್ಷರು. ತಾನು ಅಳೆದಿದ್ದೇನೆ ಎಂದಳು ಟೇಲರಮ್ಮ. ಬೆಳಿಗ್ಗೆ ಪುರಸಭೆಯ ಅಂಗಳದಲ್ಲಿ ಅವಳು ಟೇಪು ಹಿಡಿದು ಕಾರಿನ ಸುತ್ತ ಬರುವಾಗ ಡ್ರೈವರು ಹೊದಿಕೆ ಹೊಲಿಯಲು ಬಂದಿದ್ದಾಳೆಂದುಕೊಂಡು, ಬೂದು ಬಣ್ಣದ್ದಾದರೆ ಕೊಳೆ ಕಾಣುವುದಿಲ್ಲ ಎಂದು ಸಲಹೆಯನ್ನೂ ಕೊಟ್ಟಿದ್ದ. ಹದಿನೈದಡಿ ಉದ್ದ, ಆರಡಿ ಅಗಲ. ನಕ್ಷೆಯ ಮೂಲೆಯಲ್ಲಿ ಒಂದು ಇಂಚಿಗೆ ಎಂಟಡಿ ಎಂದು ಅವರೇ ಬರೆದಿದ್ದರು. ಅವಳು ಸಭೆಯ ಸೂಚನಾಪತ್ರವನ್ನೇ ಮಗುಚಿ, ಟೇಪಿಟ್ಟು ಗುರುತು ಮಾಡಿ, ಚೀಲದಿಂದ ಕತ್ತರಿ ತೆಗೆದು ಕಚಕಚನೆ ಕತ್ತರಿಸಿ ಆ ಚೀಟಿಯನ್ನು ಅಧ್ಯಕ್ಷರ ಮುಂದೆ ಹರಡಿದ್ದ ನಕ್ಷೆಯ ಪಕ್ಕದಲ್ಲಿಟ್ಟಳು. “ಇದು ನಿಮ್ಮ ಕಾರು. ನೀವೇ ನಿಲ್ಲಿಸಿ.”

ಅಧ್ಯಕ್ಷರು ಬೆರಳ ತುದಿಯಲ್ಲಿ ತಮ್ಮ ಕಾರನ್ನು ನಕ್ಷೆಯೊಳಗೆ ತಂದರು. ಒಂದು ಜಾಗದಲ್ಲಿ ಇಟ್ಟರೆ ಪಕ್ಕದ ಕಾರಿನ ಅರ್ಧ ಮೈ ಅಡಿಗೆ ಹೋಯಿತು, ಮೂತಿ ಓಡಾಟದ ದಾರಿಗೆ ಬಂತು. ಹಿಂದಕ್ಕೆ ತೆಗೆದರು, ಓರೆ ಮಾಡಿದರು, ಇನ್ನೊಂದು ಸಾಲಿಗೆ ಒಯ್ದರು. ಅಲ್ಲಿ ಅದರ ಬಾಲ ಗೋಡೆ ಒಡೆದುಕೊಂಡು ಮೆಟ್ಟಿಲ ಮೇಲೆ ಕೂತಿತು. ತಾವೇ ಅನುಮತಿ ಕೊಡಬೇಕಿದ್ದ ಕಟ್ಟಡದಲ್ಲಿ ಅಧ್ಯಕ್ಷರಿಗೇ ಕಾರು ನಿಲ್ಲಿಸಲು ಜಾಗವಿರಲಿಲ್ಲ.

ಯೋಜನಾಧಿಕಾರಿ ಕೆಮ್ಮಿ, ನಕ್ಷೆಯ ಕಾರುಗಳು ಕೇವಲ ಸಾಂಕೇತಿಕ ಎಂದರು.

“ಹಾಗಾದ್ರೆ ಒಳಗೆ ನಿಲ್ಲೋದೂ ಸಾಂಕೇತಿಕವಾಗೇನಾ?” ಎಂದಳು ಟೇಲರಮ್ಮ. “ನಾನು ನಕ್ಷೆ ನಕಲು ಮಾಡ್ಕೊಂಡು ಹೋಗಿ ಮನೇಲಿ ಎಲ್ಲಾ ಇಟ್ಟು ನೋಡಿದೀನಿ. ಹಿಡಿಯೋದು ಹದಿನೈದು. ಮಿಕ್ಕ ಇಪ್ಪತ್ತೈದು ನಮ್ಮ ಓಣೀಲಿ ನಿಲ್ತವೆ. ಅವು ಮಾತ್ರ ಫುಲ್ ಸೈಜು.”

ಸಭೆಯಲ್ಲಿ ಮೊದಲು ನಕ್ಕದ್ದು ಯಾರೋ ತಿಳಿಯಲಿಲ್ಲ. ಕೊನೆಗೆ ನಗು ನಿಲ್ಲಿಸಿದವರು ಅಧ್ಯಕ್ಷರು. ಆಮೇಲೆ ಅವರು ನಕ್ಷೆ ನೋಡಿದರು, ಚೀಟಿ ನೋಡಿದರು, ಹಿಂದಿನ ಸಾಲಿನಲ್ಲಿ ಬರೆದುಕೊಳ್ಳುತ್ತಿದ್ದ ಪತ್ರಕರ್ತನನ್ನೂ ನೋಡಿದರು. ಅಳೆದೂ ಸುರಿದೂ, ನಿಯಮದಂತೆ ಜಾಗವಿಲ್ಲವಾದ್ದರಿಂದ ಅರ್ಜಿ ವಜಾ, ಬಯಲು ಬಯಲಾಗಿಯೇ ಇರತಕ್ಕದ್ದು ಎಂದು ಬರೆಸಿ ಸಹಿ ಹಾಕಿದರು. ಟೇಲರಮ್ಮ ಟೇಪು ಸುತ್ತಿ, ಕತ್ತರಿಯ ಜೊತೆ ಚೀಲಕ್ಕೆ ಹಾಕಿದಳು. ಮೈದುನ ಮಾತ್ರ ಮೂಗು ಹಿಡಿಯುವುದನ್ನೂ ಮರೆತು ಬಾಯಿಬಿಟ್ಟು ನಿಂತಿದ್ದ.

ಅವಳು ಚೀಲ ಹೆಗಲಿಗೇರಿಸುವಷ್ಟರಲ್ಲಿ, ತನ್ನ ಸರದಿಗಾಗಿ ಕಾದಿದ್ದ ಪಕ್ಕದ ಬಡಾವಣೆಯ ಗಡಿಯಾರ ರಿಪೇರಿಯವನು ಹತ್ತಿರ ಬಂದು, ತಮ್ಮ ಬೀದಿಯ ಉದ್ಯಾನದಲ್ಲಿ ಏಳಲಿರುವ ಕಟ್ಟಡದ ಕಡತವೂ ಇವತ್ತೇ ಇದೆ, ಆ ಕಾರನ್ನು ಸ್ವಲ್ಪ ಕೊಡುತ್ತೀರಾ ಎಂದು ಮೆಲ್ಲಗೆ ಕೇಳಿದ. ಅವನ ಹಿಂದೆ ಒಬ್ಬ ಶಿಕ್ಷಕಿ, ಅವಳ ಹಿಂದೆ ಕೋಲೂರಿಕೊಂಡು ಒಬ್ಬ ಮುದುಕ. ಸಾಲು ಬಾಗಿಲವರೆಗೆ ಹೋಗಿತ್ತು.

ಟೇಲರಮ್ಮ ಮತ್ತೆ ಕುಳಿತಳು. ಒಂದು ಹಾಳೆ ತೆಗೆದು ಮಡಿಸಿದಳು, ಮತ್ತೆ ಮಡಿಸಿದಳು, ಇನ್ನೊಮ್ಮೆ ಮಡಿಸಿ ಉಗುರಿನಿಂದ ಒತ್ತಿದಳು. ಯೋಜನಾಧಿಕಾರಿ ತಮ್ಮ ಮುಂದಿದ್ದ ಕಡತಗಳ ಮೇಲೆ ಎರಡೂ ಕೈ ಊರಿ ನೋಡುತ್ತಿದ್ದಂತೆ, ಒಂದೇ ಕತ್ತರಿಗೆ ಎಂಟು ಕಾರು ಮೇಜಿನ ಮೇಲೆ ಬಿದ್ದವು.