ಒಂಟಿ ಕಾಲಿನಲ್ಲಿ ಇಬ್ಬರು

“ಗೋಡೆ ಬಿಡಿ ಅಮ್ಮ, ನಾನಿದ್ದೀನಿ,” ಎಂದಳು ಮನೆಗೇ ಬಂದು ಯೋಗ ಹೇಳಿಕೊಡುವ ಹುಡುಗಿ. ಅತ್ತೆ ಗೋಡೆ ಬಿಟ್ಟರು. ಒಂದು ಕಾಲನ್ನು ಇನ್ನೊಂದಕ್ಕೆ ಒತ್ತಿ, ಕೈಗಳನ್ನು ಮೇಲಕ್ಕೆತ್ತಿ ಮರದಂತೆ ನಿಲ್ಲಬೇಕಿತ್ತು. ಹೊಸ ಕಲಿಕೆ, ಮರ ಬಿರುಗಾಳಿಗೆ ಸಿಕ್ಕಂತೆ ವಾಲಿತು.

ಅದೇ ಹೊತ್ತಿಗೆ ಸೊಸೆ ಒಗೆದ ಬಟ್ಟೆಯ ಬಕೆಟ್ ಹಿಡಿದು ಒಳಬಂದಳು. ಮಾತಿಗೆ ಮಾತು ಬೆಳೆದು, ಒಂದು ವಾರದಿಂದ ಇಬ್ಬರೂ ಮುಖ ಕೊಟ್ಟು ಮಾತಾಡಿರಲಿಲ್ಲ. ಈಗ ಅವಳು ಬಕೆಟ್ ಅಲ್ಲೇ ಬಿಟ್ಟು ಓಡಿಬಂದು ಅತ್ತೆಯ ಸೊಂಟ ಬಳಸಿ ಹಿಡಿದಳು. ಅತ್ತೆ ಅವಳ ಹೆಗಲನ್ನು ಭದ್ರವಾಗಿ ಹಿಡಿದುಕೊಂಡರು. ಎತ್ತಿದ ಕಾಲನ್ನು ಮಾತ್ರ ಇಳಿಸಲಿಲ್ಲ.

“ಕಾಲು ಕೆಳಗಿಡಿ ಅತ್ತೆ, ಬೀಳ್ತೀರ.”

“ಇಡಲ್ಲ. ನೀನೂ ಒಂದು ಕಾಲೆತ್ತು. ನಾನೊಬ್ಬಳೇ ಯಾಕೆ ಕೋತಿ ಆಗ್ಬೇಕು?”

ಸೊಸೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಾಲೆತ್ತಿದಳು. ಒಂದು ಕ್ಷಣ ಇಬ್ಬರೂ ನೆಟ್ಟಗೆ ನಿಂತರು. ಮರುಕ್ಷಣ ಒಬ್ಬರ ಮೇಲೊಬ್ಬರು ಚಾಪೆಯ ಮೇಲುರುಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಯೋಗದ ಹುಡುಗಿಯೂ ಪಾಠ ಮರೆತು ಅಲ್ಲೇ ಕುಕ್ಕರಿಸಿದಳು.

ಅತ್ತೆ ಮಲಗಿದಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. “ಅಲ್ಲ ಕಣೇ, ಸಕ್ಕರೆ ಡಬ್ಬ ಎಲ್ಲಿಟ್ಟಿದ್ದೀಯ? ನಿನ್ನ ಹೇಗೆ ಕೇಳೋದು ಅಂತ ವಾರದಿಂದ ಸಪ್ಪೆ ಕಾಫಿ ಕುಡೀತಿದ್ದೀನಿ.”